ಬಿಳಿಯದು ತಿಂದರೆ ಕೀವಾಗುತ್ತದಂತೆ

ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಬಸ್ಸು ಹತ್ತಿ ನೋಡಿ. ಕೂತವರು ಎದ್ದು ಜಾಗ ಕೊಡುತ್ತಾರೆ.

ಮರ್ಯಾದೆಯಿಂದ ಅಲ್ಲ. ನಾತಕ್ಕೆ.

ನಾನು ಆಲಂಕಾರಿನಲ್ಲಿ ಹತ್ತಿದೆ, ಬಲಗೈಯ ಹೆಬ್ಬೆರಳಿಗೆ ನಿಂಬೆಹಣ್ಣಿನ ಟೊಪ್ಪಿ ಹಾಕಿಕೊಂಡು. ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದೆ. ಕೆಳಗೆ ಬಿಟ್ಟರೆ ಬೆರಳಿನೊಳಗೆ ಯಾರೋ ಅವಲಕ್ಕಿ ಕುಟ್ಟುತ್ತಿದ್ದರು. ಕಂಡಕ್ಟರ್ ನೋಡಿದ.

"ಎಂತ ಅಜ್ಜಿ, ಶರಬತ್ತಿನ ವ್ಯಾಪಾರ ಉಂಟಾ?"

"ಉಂಟು. ಬಾಯಿ ತೆರೆ, ಹಿಂಡ್ತೇನೆ."

ಬಸ್ಸಿಡೀ ನಕ್ಕಿತು. ಆದರೆ ಪುತ್ತೂರಿನವರೆಗೂ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ.

ಎರಡು ವಾರ ನಾನು ಈ ಪತ್ರಿಕೆಯಲ್ಲಿ ಬರೆಯಲಿಲ್ಲ. ನಿಮಗೆ ಗೊತ್ತಾಯಿತಾ? ಇಲ್ಲ. ಆ ಜಾಗದಲ್ಲಿ ಹಲ್ಲುಪುಡಿಯ ಜಾಹೀರಾತು ಹಾಕಿದ್ದರಂತೆ. "ಅದು ಒಳ್ಳೆದಿತ್ತು" ಎಂದು ಒಬ್ಬರು ನನಗೇ ಹೇಳಿದರು. (ನನ್ನ ಒತ್ತಕ್ಷರ ತಪ್ಪಿದರೆ ಪ್ರೆಸ್ಸಿನವರು ತಿದ್ದುತ್ತಾರೆ. ಬೈದದ್ದನ್ನು ತಿದ್ದಬೇಡಿ ಎಂದು ಹೇಳಿದ್ದೇನೆ.)

ವಿಷಯ ಹೆಬ್ಬೆರಳಿನದ್ದು.

ನಾನು ಚಾಪೆ ನೇಯುವವಳು. ನೀರಿನ ತೋಡಿನ ಬದಿಯಿಂದ ಮುಂಡೇವಿನ, ಅಂದರೆ ಕಾಡುಕೇದಗೆಯ, ಎಲೆ ಕಡಿದು ತರಬೇಕು. ಅದರ ಎರಡೂ ಅಂಚಿಗೆ, ನಡುವಿನ ನರಕ್ಕೆ, ಗರಗಸದ ಹಾಗೆ ಮುಳ್ಳು. ಮುಳ್ಳು ತೆಗೆದು, ಬಾಡಿಸಿ, ಸುರುಳಿ ಸುತ್ತಿ ಒಣಗಿಸಿ, ಸೀಳಿ, ಆಮೇಲೆ ನೇಯ್ಗೆ. ಹತ್ತು ಬೆರಳೂ ಕೆಲಸ ಮಾಡುತ್ತವೆ, ನಿಜ. ಆದರೆ ಎಳೆಯನ್ನು ಒತ್ತಿ ಹಿಡಿಯುವವನು ಹೆಬ್ಬೆರಳು. ಅವನಿಲ್ಲದಿದ್ದರೆ ಉಳಿದವರೆಲ್ಲ ನೆಂಟರು. ಬಂದು ಕೂರಬಹುದು, ಅಷ್ಟೆ.

ಮುಳ್ಳು ಉಗುರಿನ ಬುಡಕ್ಕೆ ಹೋಯಿತು. ಮುಳ್ಳು ಚುಚ್ಚುವುದು ನನಗೆ ಹೊಸತಲ್ಲ. ಆದರೆ ಈ ಸಲ ಬೆರಳು ಹಲಸಿನ ಬೀಜದ ಹಾಗೆ ಉಬ್ಬಿತು. ಮೇಲಿನ ಮನೆಯ ದೇವಕಿ ಬೇಲಿಯ ಆಚೆಯಿಂದಲೇ ನೋಡಿ ಹೇಳಿದಳು.

"ಉಗುರುಸುತ್ತು, ಚೆನ್ನಕ್ಕ. ನಿಂಬೆಹಣ್ಣಿಗೆ ತೂತು ಮಾಡಿ ಬೆರಳು ಹಾಕಿ. ಮತ್ತೆ ಪಥ್ಯ ಬಿಡಬೇಡಿ. ಬಿಳಿಯದು ಎಂತದೂ ತಿನ್ನಲಿಕ್ಕಿಲ್ಲ. ಬಿಳಿಯದು ತಿಂದರೆ ಕೀವಾಗುದು."

ನಮ್ಮ ಕಡೆ ಇದು ಯಾರಿಗೆ ಗೊತ್ತಿಲ್ಲ? ಗಾಯ ಆದವರಿಗೆ ತೆಂಗಿನಕಾಯಿ ಇಲ್ಲ. ಮೊಸರಿಲ್ಲ, ಉದ್ದಿಲ್ಲ, ಮೊಟ್ಟೆ ಇಲ್ಲ, ಮೂಲಂಗಿ ಇಲ್ಲ. ಎಲ್ಲ ನಂಜು. ಕುಚ್ಚಲಕ್ಕಿ ಕೆಂಪು, ಅದರ ಗಂಜಿಗೆ ಅಡ್ಡಿಯಿಲ್ಲ. (ಗಂಜಿಯ ತಿಳಿ ಬಿಳಿಯಲ್ಲವಾ ಎಂದು ಕೇಳಬೇಡಿ. ನಾನು ತಿಳಿಯನ್ನೂ ಬಸಿದು ಚೆಲ್ಲಿದೆ.) ತೆಂಗಿನಕಾಯಿ ತೆಗೆದರೆ ನಮ್ಮ ಅಡುಗೆಯಲ್ಲಿ ಉಳಿಯುವುದು ಎಂತ? ಮೆಣಸು ಮತ್ತು ನೀರು.

ಒಬ್ಬಳೇ ಇರುವವಳಿಗೆ ಪಥ್ಯ ಬಹಳ ಸುಲಭ. ಬಡಿಸುವವರಿಲ್ಲ, ಒತ್ತಾಯ ಮಾಡುವವರಿಲ್ಲ. ಗಂಡ ಸತ್ತು ಎಷ್ಟೋ ಮಳೆಗಾಲ ಆಯಿತು. ಮಕ್ಕಳಾಗಲಿಲ್ಲ. ಒಂದು ಹೊತ್ತು ಒಲೆ ಹಚ್ಚದಿದ್ದರೆ ಬೆಕ್ಕಿಗೆ ಮಾತ್ರ ಗೊತ್ತಾಗುತ್ತದೆ. ಅದೂ ಅದರ ಹೊಟ್ಟೆಯ ದೆಸೆಯಿಂದ.

ಪಥ್ಯ ಎಷ್ಟು ಬಿಗಿ ಮಾಡಿದೆನೋ ಬೆರಳು ಅಷ್ಟು ಬಿಗಿಯಾಯಿತು. ಜ್ವರ ಬಂತು. ಮಣಿಗಂಟಿನಿಂದ ಮೊಣಕೈಗೆ ಒಂದು ಕೆಂಪು ಗೆರೆ ಹತ್ತಿತು, ಗೋಡೆಯ ಮೇಲೆ ಗೆದ್ದಲು ಹತ್ತುವ ಹಾಗೆ. ಆವತ್ತು ನಾನು ಬಸ್ಸು ಹತ್ತಿದ್ದು.

ಪುತ್ತೂರಿನ ಆಸ್ಪತ್ರೆಯಲ್ಲಿದ್ದದ್ದು ಪ್ರಾಯದ ಡಾಕ್ಟರು. ನಿಂಬೆಹಣ್ಣನ್ನು ಇಕ್ಕಳದಲ್ಲಿ ಹಿಡಿದು ತೆಗೆದರು. ಮೂಗು ಮುಚ್ಚಿಕೊಳ್ಳಲಿಲ್ಲ, ಒಳ್ಳೆಯವರು.

"ಎಷ್ಟು ದಿನ ಇಟ್ಟಿದ್ದೀರಿ ಅಜ್ಜಿ ಇದನ್ನು?"

"ಕಪ್ಪಾಗುವವರೆಗೆ."

"ಹಣ್ಣಾ, ಬೆರಳಾ?"

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಎಡಗೈಯ ಬೆರಳಿಗೆ ಸೂಜಿ ಚುಚ್ಚಿದರು. (ಒಂದು ಬೆರಳು ಹಾಳಾದದ್ದಕ್ಕೆ ಇನ್ನೊಂದಕ್ಕೆ ಶಿಕ್ಷೆ.) ಒಂದು ಹನಿ ರಕ್ತವನ್ನು ಗಾಜಿನ ಚೂರಿಗೆ ಸವರಿ ಒಳಗೆ ಹೋದರು. ಬಂದಾಗ ಮುಖ ಬಿಗಿಯಾಗಿತ್ತು.

"ಅಜ್ಜಿ, ನಿಮ್ಮ ರಕ್ತದಲ್ಲಿ ಬಿಳಿ ಕಣ ಬಹಳ ಹೆಚ್ಚಾಗಿದೆ."

ಇಷ್ಟು ಪಥ್ಯ ಮಾಡಿಯೂ?

"ದೇವರಾಣೆ ಡಾಕ್ಟ್ರೆ, ಬಿಳಿಯದು ಒಂದು ಚೂರು ತಿನ್ನಲಿಲ್ಲ ನಾನು. ಹೆಚ್ಚಾಗುದು ಹೇಗೆ?"

ಅವರು "ಏಳಲಿಕ್ಕೆ ಆಗ್ತದಾ? ಬನ್ನಿ" ಎಂದು ಒಳಗೆ ಕರೆದುಕೊಂಡು ಹೋದರು.

ಕಿಟಕಿಯ ಬಳಿ ಒಂದು ಹಿತ್ತಾಳೆಯ ಯಂತ್ರ. ಪೇಟೆಗೆ ಕರೆಂಟು ಬಂದರೂ ಅದಕ್ಕೆ ಬಿಸಿಲೇ ಬೇಕಂತೆ, ಬುಡದಲ್ಲಿ ಪುಟ್ಟ ಕನ್ನಡಿ ಇತ್ತು. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕೊಳವೆಗೆ ಇಟ್ಟೆ. ಮೊದಲು ಕಂಡದ್ದು ನನ್ನದೇ ರೆಪ್ಪೆ. ಆಮೇಲೆ ಹಪ್ಪಳ ಒಣಹಾಕಿದ ಹಾಗೆ ಗುಂಡು ಗುಂಡು ಬಿಲ್ಲೆಗಳು ಕಂಡವು. ತೆಳು ಕೆಂಪು, ಎಲ್ಲವೂ ಒಂದೇ ಥರ. ನಡುನಡುವೆ ದೊಡ್ಡವು, ಹೊಟ್ಟೆಯೊಳಗೆ ನೇರಳೆ ಗಂಟು ಇಟ್ಟುಕೊಂಡಂಥವು.

"ದೊಡ್ಡದು ಉಂಟಲ್ಲ, ಅದೇ ಬಿಳಿ ಕಣ."

"ಬಿಳಿ ಎಲ್ಲಿ? ನೇರಳೆ ಉಂಟು."

"ಬಣ್ಣ ಹಾಕಿದ್ದು ಅಜ್ಜಿ. ಬಣ್ಣ ಹಾಕದಿದ್ದರೆ ಕಾಣುದಿಲ್ಲ."

ಹೌದು, ಬಿಳಿಯದು ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಳಿ ಸೀರೆ ಉಟ್ಟು ಇಷ್ಟು ವರ್ಷ ನಡೆದವಳಿಗೆ ಇದನ್ನು ಹೇಳಲು ಯಂತ್ರ ಬೇಕಾ?

ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಈ ಬಿಳಿ ಕಣಗಳು ಎಲ್ಲರ ಮೈಯಲ್ಲೂ ಇರುತ್ತವಂತೆ. ಬಡವರಲ್ಲೂ. ಮುಳ್ಳಿನ ಜೊತೆಗೆ ರೋಗದ ಹುಳು ಒಳಗೆ ನುಗ್ಗಿದಾಗ ಇವು ಅಲ್ಲಿಗೆ ಓಡುತ್ತವಂತೆ. "ಊರಲ್ಲಿ ಬೆಂಕಿ ಬಿದ್ದರೆ ನೆರೆಯವರು ಕೊಡಪಾನ ಹಿಡಿದು ಓಡಿ ಬರುದಿಲ್ಲವಾ? ಹಾಗೆ" ಎಂದರು. (ಡಾಕ್ಟರ ಊರಲ್ಲಿ ಬರುತ್ತಾರೋ ಏನೋ.) ಹೆಚ್ಚಾದದ್ದು ತಪ್ಪಲ್ಲ, ಒಳಗೆ ಜಗಳ ಜೋರಾಗಿದೆ ಎಂಬುದರ ಗುರುತು.

ಆಮೇಲೆ ಬೆರಳನ್ನು ಕೊಯ್ದರು. ಎನಾಮಲಿನ ತಟ್ಟೆಗೆ ಕೀವು ಇಳಿಯಿತು. ನಾನು ಮುಖ ತಿರುಗಿಸಿದೆ.

"ಅಸಹ್ಯ ಮಾಡಬೇಡಿ ಅಜ್ಜಿ. ಇದು ಹೆಚ್ಚಿನದ್ದು ಆ ಬಿಳಿ ಕಣವೇ. ಹುಳುವನ್ನು ನುಂಗಿ ಸತ್ತವು."

"ಇಷ್ಟೂ ಸತ್ತದ್ದಾ?"

"ಇಷ್ಟೂ. ನಿಮಗೋಸ್ಕರ."

ನನ್ನ ಗಂಡ ನನಗೋಸ್ಕರ ಒಂದು ಕೊಡ ನೀರು ಹೊತ್ತವನಲ್ಲ. ನಾನು ತಿರುಗಿ ತಟ್ಟೆಯನ್ನು ನೋಡಿದೆ. ಇಷ್ಟು ಕಾಲ ಇದನ್ನು ಹಿಂಡಿ, ಉಗುಳಿ, ಬೂದಿ ಹಾಕಿ ಗುಡಿಸಿದ್ದೇವಲ್ಲ. ನಮ್ಮ ಅಜ್ಜಿಯಂದಿರು ಹೇಳಿದ್ದು ಪೂರಾ ಸುಳ್ಳೂ ಅಲ್ಲ. ಕೀವಾಗುವುದು ಬಿಳಿಯದರಿಂದಲೇ. ತೆಂಗಿನಕಾಯಿಯ ಬಿಳಿಯಿಂದ ಅಲ್ಲ, ಅಷ್ಟೆ.

ಡಾಕ್ಟರು ಲೆಕ್ಕ ಸರಿಯಾಗಿ ಹೇಳಿದರು. ಪೆನ್ಸಿಲಿನ್ ಇಂಜೆಕ್ಷನ್ ಹಾಕುತ್ತಾರೆ. ದಿನಾ ಬೆಳಿಗ್ಗೆ ರಕ್ತ ನೋಡುತ್ತಾರೆ. ಬಿಳಿ ಕಣ ಇಳಿದರೆ ಜಗಳ ಮುಗಿಯುತ್ತಿದೆ ಎಂದು ಅರ್ಥ, ಬೆರಳು ಉಳಿಯುತ್ತದೆ. ಇಳಿಯದೆ ಬಾವೂ ಹಾಗೆಯೇ ನಿಂತರೆ ಮೂಳೆಗೆ ಹೋಗಿದೆ ಎಂದು ಅರ್ಥ. ಹೆಬ್ಬೆರಳು ತೆಗೆಯಬೇಕು. ಇಲ್ಲದಿದ್ದರೆ ಕೈ ಹೋಗುತ್ತದೆ, ಆಮೇಲೆ ನಾನು.

ನಾನು ಹೋಗುವುದಕ್ಕೆ ಹೆದರಿಕೆ ಇರಲಿಲ್ಲ. ಹೆಬ್ಬೆರಳು ಹೋಗಿ ನಾನು ಉಳಿಯುವುದಕ್ಕೆ ಹೆದರಿದೆ. ಚಾಪೆ ನೇಯಲು ಆಗದಿದ್ದರೆ ಎಲ್ಲಿಗೆ ಹೋಗಲಿ? ಕೆದಂಬಾಡಿಯಲ್ಲಿ ಮೈದುನನ ಮನೆ ಉಂಟು. "ಬನ್ನಿ ಅತ್ತಿಗೆ, ನಿಮಗೊಂದು ಮೂಲೆ ಇಲ್ಲವಾ?" ಎಂದು ಪ್ರತಿ ವರ್ಷ ಹೇಳುತ್ತಾನೆ. ಮೂಲೆ! ನಮ್ಮ ಮನೆಗಳಲ್ಲಿ ಮೂಲೆಯಲ್ಲಿ ಇಡುವುದು ಎಂತದನ್ನು? ಹಿಡಿಸೂಡಿಯನ್ನು. ಗುಡಿಸುವಾಗ ತೆಗೆಯುತ್ತಾರೆ, ಗುಡಿಸಿದ ಮೇಲೆ ಅಲ್ಲೇ ಇಡುತ್ತಾರೆ.

"ಒಟ್ಟಿಗೆ ಯಾರಿದ್ದಾರೆ?" ಎಂದು ನರ್ಸಮ್ಮ ಕೇಳಿದಳು.

ಆಸ್ಪತ್ರೆ ಎಂದರೆ ಇದೇ ಪ್ರಶ್ನೆ. ರೋಗ ಎಂತದು ಎಂದು ಆಮೇಲೆ ಕೇಳುತ್ತಾರೆ. ಗಂಜಿ ತರಲು ಒಬ್ಬರು ಬೇಕು, ಬಿಸಿನೀರು ತರಲು ಬೇಕು, ಡಾಕ್ಟರು ಹೇಳಿದ್ದಕ್ಕೆ ತಲೆ ಅಲ್ಲಾಡಿಸಲು ಬೇಕು. ಒಬ್ಬಳೇ ಎಂದರೆ ವಾಪಸು ಕಳಿಸುತ್ತಾರೋ ಎಂದು ಭಯವಾಯಿತು.

"ಬರ್ತಾರೆ" ಎಂದೆ.

ವಾರ್ಡಿನಲ್ಲಿ ಮಂಚಗಳ ಸಾಲು. ಪ್ರತಿ ಮಂಚದ ಕೆಳಗೆ ಒಂದು ಚಾಪೆ, ಚಾಪೆಯ ಮೇಲೆ ರೋಗಿಯ ಜನ. ತಾಯಿ, ಹೆಂಡತಿ, ಮಗಳು. ಮಲಗಿ ಬಗ್ಗಿ ನೋಡಿದೆ. ಮುಂಡೇವಿನ ಚಾಪೆಗಳು. ಎರಡು ನನ್ನವೇ! ಅಂಚು ಮಡಚುವ ನನ್ನ ಪದ್ಧತಿ ನನಗೆ ಗೊತ್ತಾಗುವುದಿಲ್ಲವಾ? ಸಂತೆಯಲ್ಲಿ ಕೊಂಡವರು ಮಗಳ ಮದುವೆಗೆ ಎಂದಿದ್ದರು, ಬಾಣಂತಿಗೆ ಎಂದಿದ್ದರು. ಕಡೆಗೆ ಇಲ್ಲಿ ಹಾಸಿದ್ದಾರೆ.

ನನ್ನ ಮಂಚದ ಕೆಳಗೆ ಬರೀ ಸಿಮೆಂಟು.

ಪಕ್ಕದ ಮಂಚದಲ್ಲಿ ಒಬ್ಬಳು ಬ್ಯಾರಿ ಮುದುಕಿ (ಬ್ಯಾರಿ ಎಂದರೆ ನಮ್ಮ ಕಡೆಯ ಮುಸಲ್ಮಾನರು), ಹೊಟ್ಟೆನೋವಿನವಳು. ಅವಳ ಕೆಳಗೆ ಸೊಸೆ ಅವ್ವಮ್ಮ. ಸಂಪಾಜೆಯಲ್ಲಿ ಗಂಡನಿಗೆ ಅಂಗಡಿಯಂತೆ. ಕಿವಿಯ ಅಂಚಿಡೀ ಚಿನ್ನದ ರಿಂಗು, ಬಾಯಿ ತುಂಬ ಮಾತು.

ಸಂಜೆ ನೋಡಲು ಬರುವವರ ಹೊತ್ತು. ವಾರ್ಡು ಸಂತೆಯಾಗುತ್ತಿತ್ತು. ಒಬ್ಬರ ಮಂಚಕ್ಕೆ ಹತ್ತು ಜನ, ಕಿತ್ತಳೆ, ಬಿಸ್ಕೆಟು, ಅಳು, ಜಗಳ. ನಾನು ಗೋಡೆಯ ಕಡೆ ತಿರುಗಿ ನಿದ್ದೆ ಬಂದವಳ ಹಾಗೆ ಮಲಗುತ್ತಿದ್ದೆ. ಮಲಗಿದವಳನ್ನು ಯಾರೂ "ನಿಮ್ಮವರು ಎಲ್ಲಿ" ಎಂದು ಕೇಳುವುದಿಲ್ಲ. ನನ್ನನ್ನೇ ಹುಡುಕಿ ಬರುತ್ತಿದ್ದದ್ದು ಆ ಸೂಜಿ ಒಂದೇ, ಬೆಳಿಗ್ಗೆ.

ಅವ್ವಮ್ಮನ ಮುಂದೆ ಈ ಉಪಾಯ ನಡೆಯಲಿಲ್ಲ.

"ನಿಮ್ಮ ಜನ ಎಲ್ಲಿ ಅಕ್ಕ?"

"ಬರ್ತಾರೆ."

"ನಿನ್ನೆ ಸಹ ಬರ್ತಾ ಇದ್ರು."

"ದಾರಿ ದೂರ."

"ಮೆಕ್ಕಾದಿಂದ ನಡಕೊಂಡು ಬರುದಾ?"

ನಾನು ಗೋಡೆಯ ಕಡೆ ತಿರುಗಿದೆ. ಅವಳ ಬಾಯಿ ಸುಮ್ಮನಾಯಿತು. ಆದರೆ ಅವಳ ಕಣ್ಣು ಸುಮ್ಮನಿರಲಿಲ್ಲ. ಆಸ್ಪತ್ರೆಯಲ್ಲಿ ಕೊಟ್ಟ ಹಾಲನ್ನು ನಾನು ಕಿಟಕಿಯಿಂದ ಹೊರಗೆ ಚೆಲ್ಲುವುದನ್ನು, ಬ್ರೆಡ್ಡಿನ ಬಿಳಿ ಬಿಟ್ಟು ಕಂದು ಅಂಚನ್ನು ಮಾತ್ರ ತಿನ್ನುವುದನ್ನು ನೋಡಿದ್ದಳು. ಯಂತ್ರದಲ್ಲಿ ಕಣ್ಣಾರೆ ನೋಡಿದ ಮೇಲೂ ಯಾಕೆ ಪಥ್ಯ ಎಂದು ಕೇಳುತ್ತೀರಾ? ಕಣ್ಣು ನಂಬಿತ್ತು. ನಾಲಿಗೆಗೆ ಹಳೆಯ ಅಭ್ಯಾಸ. ಜೊತೆಗೆ, ಹೆಬ್ಬೆರಳು ಹೋಗುವ ಹೊತ್ತಿಗೆ ಯಾರು ಹೊಸ ಶಾಸ್ತ್ರವನ್ನು ಪರೀಕ್ಷೆ ಮಾಡುತ್ತಾರೆ?

ಬಿಳಿ ಕಣ ಇಳಿಯಲಿಲ್ಲ. ಮರುದಿನವೂ ಇಳಿಯಲಿಲ್ಲ. ಡಾಕ್ಟರು ಬೆರಳನ್ನು ಹಿಡಿದು ಬಹಳ ಹೊತ್ತು ನೋಡಿದರು.

"ಇನ್ನು ಕಾಯುದು ಕಷ್ಟ ಅಜ್ಜಿ. ನಾಳೆ ತೆಗೆಯುವ. ನಿಮ್ಮವರು ಒಬ್ಬರು ಒಪ್ಪಬೇಕು. ಯಾರಿದ್ದಾರೆ?"

"ಬೆರಳು ನನ್ನದಲ್ಲವಾ? ಒಪ್ಪುದು ಬೇರೆಯವರು ಯಾಕೆ?"

"ನಾಳೆ ಹೆಚ್ಚುಕಡಿಮೆ ಆದರೆ ನಾನು ಯಾರಿಗೆ ಹೇಳಲಿ?"

ನಾನು ಬಾಯಿ ತೆರೆದೆ. "ಬರ್ತಾರೆ" ಎಂಬ ಮಾತು ಈ ಸಲ ಹೊರಗೆ ಬರಲಿಲ್ಲ. ಇಡೀ ವಾರ್ಡು ನನ್ನನ್ನೇ ನೋಡುತ್ತಿತ್ತು. ಯಾರಿಗೆ ಹೇಳುವುದು? ಸರಿಯಾದ ಪ್ರಶ್ನೆಯೇ.

"ನಾನಿದ್ದೇನೆ" ಎಂದು ಕೆಳಗಿನಿಂದ ಧ್ವನಿ ಬಂತು. ಅವ್ವಮ್ಮ ಚಾಪೆಯಿಂದ ಎದ್ದು ನಿಂತಳು. "ನಾನು ತಂಗಿ."

ನರ್ಸಮ್ಮ ನನ್ನ ಬಿಳಿ ಸೀರೆಯನ್ನು ನೋಡಿದಳು. ಅವ್ವಮ್ಮನ ಕಿವಿಯ ರಿಂಗುಗಳನ್ನು ನೋಡಿದಳು.

"ಯಾವ ಲೆಕ್ಕದಲ್ಲಿ ತಂಗಿ?"

"ಒಂದೇ ಹೆಂಚಿನ ಮಾಡಿನ ಅಡಿಯಲ್ಲಿ ಮಲಗುವ ಲೆಕ್ಕದಲ್ಲಿ. ಡಾಕ್ಟ್ರೆ, ತಂಗಿ ಅಲ್ವಾ ನಾನು, ಒಂದು ಮಾತು ಹೇಳ್ತೇನೆ. ಇವರು ತಿನ್ನುದೇ ಇಲ್ಲ. ಹಾಲು ಕುಡಿಯುದು ಇವರಲ್ಲ, ಕಿಟಕಿಯ ಹೊರಗಿನ ತುಂಬೆಗಿಡ."

ಡಾಕ್ಟರಿಗೆ ಅಷ್ಟು ಸಿಟ್ಟು ಬಂದದ್ದು ನಾನು ನೋಡಿರಲಿಲ್ಲ.

"ಎಂತ ಅಜ್ಜಿ ಇದು! ಆ ಬಿಳಿ ಕಣ ಎಲ್ಲಿಂದ ಹುಟ್ಟುದು? ನೀವು ತಿಂದದ್ದರಿಂದ. ಓಡಿ ಬಂದವರನ್ನು ಉಪವಾಸ ಕೆಡವಿ ಬೆಂಕಿ ನಂದಿಸಿ ಅಂದರೆ ನಂದಿಸುದು ಹೇಗೆ? ಪೆನ್ಸಿಲಿನ್ ನಾನು ಕೊಡ್ತೇನೆ. ಅವಕ್ಕೆ ಅನ್ನ ನೀವೇ ಕೊಡಬೇಕು."

"ಹಾಗಾದರೆ ನಾಳೆ ತೆಗೆಯುದು ಬೇಡ" ಎಂದಳು ಅವ್ವಮ್ಮ. "ನಾನು ಒಪ್ಪುದಿಲ್ಲ. ಮೊದಲು ತಿನ್ನಲಿ, ಮತ್ತೆ ನೋಡುವ."

ಡಾಕ್ಟರು ಅವಳನ್ನು ನೋಡಿದರು, ಕೆಂಪು ಗೆರೆಯನ್ನು ನೋಡಿದರು. ಗೆರೆ ಮೇಲೆ ಹತ್ತಿರಲಿಲ್ಲ. "ಎರಡೇ ದಿನ" ಎಂದರು.

ಅವ್ವಮ್ಮ ಹೊರಗೆ ಹೋಗಿ ಬೇಯಿಸಿದ ಮೊಟ್ಟೆ ತಂದಳು. ಬಿಳಿಯೊಳಗೆ ಬಿಳಿ. ನಮ್ಮ ಶಾಸ್ತ್ರದಲ್ಲಿ ಗಾಯದವಳಿಗೆ ಇದಕ್ಕಿಂತ ದೊಡ್ಡ ವಿಷ ಇಲ್ಲ. ನಾನು ಹಿಂದೆ ಸರಿದದ್ದನ್ನು ಅವಳು ಬೇರೆ ಥರ ತಿಳಿದಳು.

"ಗಂಜಿ ತಂದರೆ ನೀವು ಮುಟ್ಟಲಿಕ್ಕಿಲ್ಲ, ನನಗೆ ಗೊತ್ತುಂಟು. ಮೊಟ್ಟೆಗೆ ಸಿಪ್ಪೆ ಉಂಟು. ನನ್ನ ಕೈ ಒಳಗೆ ತಾಗಲಿಲ್ಲ. ತಿನ್ನಿ."

ನಾನು ಎಂತ ಹೇಳಲಿ? ಒಂದೇ ಕೈಯಲ್ಲಿ ಸಿಪ್ಪೆ ಸುಲಿಯಲು ಆಗಲಿಲ್ಲ. ಅವಳೇ ಸುಲಿದಳು. ಸುಲಿದು ಕೊಟ್ಟ ಮೇಲೆ ಇಬ್ಬರಿಗೂ ನೆನಪಾಯಿತು. ತಿಂದೆ.

ಆಮೇಲೆ ಹಾಲು ಕುಡಿದೆ, ಬ್ರೆಡ್ಡು ತಿಂದೆ, ಮತ್ತೆ ಮೊಟ್ಟೆ ತಿಂದೆ. ಎದುರು ಒಬ್ಬರು ಕೂತು "ಎಲ್ಲಿ, ಬಾಯಿ ತೋರಿಸಿ" ಎಂದರೆ ತಿನ್ನುವುದು ಎಷ್ಟು ಸುಲಭ! ಎಷ್ಟೋ ವರ್ಷದಿಂದ ನನಗೆ ಹಸಿವೆಯೇ ಕಡಿಮೆ ಎಂದು ತಿಳಿದಿದ್ದೆ. ಹಸಿವೆ ಇತ್ತು. ಕೇಳುವವರು ಇರಲಿಲ್ಲ.

ಗಡುವಿನ ದಿನ ಬೆಳಿಗ್ಗೆ ಸೂಜಿ ಬಂತು, ರಕ್ತ ಹೋಯಿತು. ಅದೇ ಹೊತ್ತಿಗೆ ಅವ್ವಮ್ಮನ ಗಂಡ ಜೀಪು ತಂದ. ಅತ್ತೆಗೆ ಗುಣವಾಗಿತ್ತು, ಮನೆಗೆ ಹೋಗಬಹುದಂತೆ. ಜೀಪಿನವನು ಹಾರ್ನು ಒತ್ತಿದ, ಗಂಡ ಕೂಗಿದ. ಅವಳು ಚಾಪೆ ಸುತ್ತಿ ಕಂಕುಳಿಗೆ ಸೇರಿಸಿದಳು.

"ಬೆರಳಿಗೆ ಎಂತ ಆಯ್ತು ಅಂತ ನನಗೆ ಗೊತ್ತಾಗುದು ಹೇಗೆ ಅಕ್ಕ?"

"ಗೊತ್ತಾಗ್ತದೆ ಬಿಡು."

ಹೇಗೆ ಗೊತ್ತಾಗುತ್ತದೆ? ನನಗೆ ಅವಳ ಗಂಡನ ಹೆಸರು ಗೊತ್ತಿಲ್ಲ. ಅವಳಿಗೆ ನನ್ನ ಊರು ಗೊತ್ತಿಲ್ಲ. ಅವಳು ಓದುವವಳೂ ಅಲ್ಲ, ಇದನ್ನು ಕಾಣುವುದಿಲ್ಲ.

ಡಾಕ್ಟರು ಬಂದಾಗ ಪಕ್ಕದ ಮಂಚ ಖಾಲಿ. "ಇಳಿದಿದೆ ಅಜ್ಜಿ!" ಎಂದರು, ತಮ್ಮದೇ ಬೆರಳು ಉಳಿದ ಹಾಗೆ. "ಬಿಳಿ ಕಣ ಚೆನ್ನಾಗಿ ಇಳಿದಿದೆ. ಬೆರಳು ಉಳಿಯಿತು. ತಂಗಿ ಎಲ್ಲಿ?"

"ಮನೆಗೆ ಹೋದಳು."

ಮೊಟ್ಟೆಯಿಂದ ಇಳಿಯಿತೋ ಪೆನ್ಸಿಲಿನ್‌ನಿಂದ ಇಳಿಯಿತೋ, ನನಗೆ ಗೊತ್ತಿಲ್ಲ. ಕೇಳಲೂ ಇಲ್ಲ. ಕೆದಂಬಾಡಿಯ ಮೂಲೆ ತಪ್ಪಿತು. ಎಂಥ ದೊಡ್ಡ ಸುದ್ದಿ! ಸುತ್ತ ನೋಡಿದೆ. ಒಬ್ಬರಿಗೆ ಗಂಜಿ ಕುಡಿಸುತ್ತಿದ್ದರು, ಒಬ್ಬರಿಗೆ ತಲೆ ಬಾಚುತ್ತಿದ್ದರು. ನನ್ನ ಸುದ್ದಿಯನ್ನು ಎಲ್ಲಿ ಇಡಲಿ? ಅಳು ಬಂದರೆ ತಡೆದುಕೊಂಡು ಅಭ್ಯಾಸ ಉಂಟು. ಖುಷಿಯನ್ನು ತಡೆದುಕೊಂಡು ಅಭ್ಯಾಸವಿಲ್ಲ, ಅದಕ್ಕೆ ಬಹಳ ಕಷ್ಟವಾಯಿತು.

ಈಗ ಮನೆಯಲ್ಲಿದ್ದೇನೆ. ಉಗುರು ಹೋಗಿದೆ. ಬೆರಳಿನ ತುದಿ ಗೊರಟಿನ ಹಾಗೆ ಗಟ್ಟಿ. ಆದರೆ ಎಳೆ ಒತ್ತಿ ಹಿಡಿಯುತ್ತದೆ, ಈ ಪೆನ್ನನ್ನೂ ಹಿಡಿಯುತ್ತದೆ. ತೆಂಗಿನಕಾಯಿ ಹಾಕಿ ಅಡುಗೆ ಮಾಡುತ್ತೇನೆ. ಓದುವವರಿಗೆ ಹೇಳುವುದಿಷ್ಟೆ: ಗಾಯವಾದರೆ ಹೊಟ್ಟೆಗೆ ತಿನ್ನಿ. ಒಳಗೆ ನಿಮಗೋಸ್ಕರ ಜಗಳ ಮಾಡುವವರು ಇದ್ದಾರೆ, ಅವರನ್ನು ಉಪವಾಸ ಕೆಡವಬೇಡಿ. ನಿಂಬೆಹಣ್ಣನ್ನು ಉಪ್ಪಿನಕಾಯಿಗೆ ಇಟ್ಟುಕೊಳ್ಳಿ.

ನಾನು ಬಂದ ಸುದ್ದಿ ಊರಿಗೆ ಹೇಗೋ ಗೊತ್ತಾಯಿತು. ಈ ವಾರವಿಡೀ ಜನ. ಬಾಳೆಹಣ್ಣು ತಂದರು, ಬಿಸ್ಕೆಟು ತಂದರು, ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೆದಂಬಾಡಿಯ ಮೈದುನನೂ ಬಂದ. ದೇವಕಿಯಂತೂ ಜಗುಲಿಯಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಎಂತ ಚೆನ್ನಕ್ಕ ನೀವು, ಬೇಲಿಯ ಆಚೆಯೇ ನಾನಿಲ್ವಾ? ಹೇಳಿ ಕಳಿಸ್ಲಿಕ್ಕೆ ಆಗ್ಲಿಲ್ವಾ?"

ಬಂದವರೆಲ್ಲ ಹೇಳಿದ್ದು ಇದನ್ನೇ. ಒಬ್ಬರೂ ಬಿಡಲಿಲ್ಲ. ಹೇಳಿ ಕಳಿಸಬೇಕಿತ್ತು, ಹೇಳಿ ಕಳಿಸಬೇಕಿತ್ತು.

ಹೇಳಿ ಕಳಿಸಲು ನನಗೆ ಒಬ್ಬರಿದ್ದಿದ್ದರೆ, ಮಾರಾಯ್ರೆ, ನಿಮಗೆ ಹೇಳಿ ಕಳಿಸುವ ಅಗತ್ಯವಾದರೂ ಎಂತದಿತ್ತು?